ಜಾದೂ ಪ್ರದರ್ಶನಕ್ಕೆ ಸ್ವಂತ ನಗೆಮಾತು ಬರೆಯುವುದು ಹೇಗೆ?

ಎರವಲು ಜೋಕು ಬೇಡ. ದಿನಾ ಕಿವಿಗೆ ಬೀಳುವ ಮಾತಿನಿಂದಲೇ ಶುರು ಮಾಡಿ. ಸ್ಪಂಜಿನ ಚೆಂಡಿನ ಜಾದೂ ಗೊತ್ತಲ್ವಾ? ಪ್ರೇಕ್ಷಕರ ಮುಷ್ಟಿಯಲ್ಲಿ ಒಂದು ಚೆಂಡು ಎರಡಾಗುತ್ತದೆ, ಆಮೇಲೆ ರಾಶಿಯಾಗುತ್ತದೆ. "ನೋಡಿ, ಈಗ ಒಂದು ಚೆಂಡಿದೆ" ಅಂತ ಸುಮ್ನೆ ಕಾಣುವುದನ್ನೇ ಹೇಳಿದರೆ ಸಪ್ಪೆ. ಆ ಮುಷ್ಟಿಯನ್ನು ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಮಾಡಿ, ನೀವು ಕಂಡಕ್ಟರ್ ಆಗಿ. "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಉಂಟು ಮಾರಾಯ್ರೆ!" ಚೆಂಡು ಜಾಸ್ತಿಯಾಗುವುದಕ್ಕೆ ಈಗ ಒಂದು ಕಾರಣ ಸಿಕ್ಕಿತು.

ಜನ ನಕ್ಕಾಗ ಅವರ ಗಮನ ಒಂದು ಕ್ಷಣ ಸಡಿಲವಾಗುತ್ತದೆ. ಗುಟ್ಟಿನ ಕೈಚಳಕ ಅಲ್ಲೇ ಬರುವ ಹಾಗೆ ಮಾತು ಹೊಂದಿಸಿ. ಯಕ್ಷಗಾನದ ಹಾಸ್ಯಗಾರರನ್ನೂ ಗಮನಿಸಿ. ಬರೆದಿಟ್ಟ ಮಾತಿಲ್ಲದೆ, ಸಭೆ ನೋಡಿಯೇ ಮಾತು ತಿರುಗಿಸುತ್ತಾರೆ. ವೇದಿಕೆಗೆ ಕರೆದವರನ್ನು ಮಾತ್ರ ದಯವಿಟ್ಟು ಗೇಲಿ ಮಾಡಬೇಡಿ.