ಬರಹಗಾರರಿಗೆ ಸಲಹೆ: ಆ ಜಾಗದಲ್ಲಿ ಮೊದಲು ಏನಿತ್ತು?

ನಮಸ್ಕಾರ.

ನೀವು ಕಳಿಸಿದ ‘ದಾಪುಗಾಲಿಡುತ್ತಿರುವ ಚಾರ್ಲಟ್’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾವಕಾಶ ಇಲ್ಲ’ ಅಂತ ಸುಮ್ನೆ ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮ ಆರನೇ ಪುಟದ ಒಂದು ಪ್ಯಾರಾ ನನ್ನನ್ನು ಬಿಡಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೇರೆ ಬರಹಗಾರರಿಗೂ ಉಪಯೋಗವಾಗಲಿ ಎಂದು, ನಿಮ್ಮ ಹೆಸರು ಬಿಟ್ಟು ಈ ಉತ್ತರವನ್ನು ಪ್ರಕಟಿಸಲು ಒಪ್ಪಿದ್ದೀರಿ. ಅದಕ್ಕೆ ಥ್ಯಾಂಕ್ಸ್.

ಲೇಖನ ನೋಡದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನೀವು ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸದ ಮೇಲೆ ಬೆಂಗಳೂರಿನಿಂದ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಚಾರ್ಲಟ್‌ಗೆ ಹೋದವರು. ಅಲ್ಲೇ ಮನೆ ಕೊಂಡಿದ್ದೀರಿ. ಊರು ಬೆಳೆಯುತ್ತಿರುವ ರೀತಿ ನೋಡಿ ಹೆಮ್ಮೆಪಟ್ಟು ಬರೆದಿದ್ದೀರಿ. 60 ಮಹಡಿಯ ಬ್ಯಾಂಕ್ ಆಫ್ ಅಮೆರಿಕ ಕಟ್ಟಡ, ಲೈಟ್ ರೈಲು, ಸೌತ್ ಎಂಡ್‌ನ ಹೊಸ ಅಪಾರ್ಟ್‌ಮೆಂಟ್‌ಗಳು, ಕಾರ್ ರೇಸಿನ ಮ್ಯೂಸಿಯಮ್ಮಾದ ನ್ಯಾಸ್ಕಾರ್ ಹಾಲ್ ಆಫ್ ಫೇಮ್, ಬರಲಿರುವ ಬ್ರೂಕ್ಲಿನ್ ವಿಲೇಜ್ ಎಂಬ ಕಟ್ಟಡಗಳ ಯೋಜನೆ, ಕೊನೆಗೆ ಅಲ್ಲಿನ ಕನ್ನಡಿಗರ ಯುಗಾದಿ, ರಾಜ್ಯೋತ್ಸವ. ಹೆಮ್ಮೆಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಇದರಲ್ಲಿ ಮುಕ್ಕಾಲು ಭಾಗ ಬಿಲ್ಡರುಗಳ ಪ್ರಕಟಣೆಯಲ್ಲೇ ಸಿಗುತ್ತದೆ. ಎಷ್ಟು ಮಹಡಿ, ಎಷ್ಟು ಎಕರೆ, ಎಷ್ಟು ಕೋಟಿ ಡಾಲರ್, ಯಾವಾಗ ಮುಗಿಯುತ್ತದೆ. ಚಾರ್ಲಟ್ ಅನ್ನುವ ಕಡೆಯೆಲ್ಲ ನ್ಯಾಶ್‌ವಿಲ್ ಅಂತ ಹಾಕಿದರೂ ಹೆಚ್ಚು ವಾಕ್ಯಗಳನ್ನು ತಿದ್ದಬೇಕಾಗಿಲ್ಲ.

ಚಿಕ್ಕಪುಟ್ಟ ತಪ್ಪುಗಳನ್ನು ಮೊದಲು ಮುಗಿಸೋಣ. ‘ಚಾರ್ಲಟ್ ನಗರದ ಜನಸಂಖ್ಯೆ 27 ಲಕ್ಷ’ ಎಂದಿದ್ದೀರಿ. ಅದು ಸುತ್ತಲಿನ ಕೌಂಟಿಗಳು (ನಮ್ಮ ಜಿಲ್ಲೆಗಳ ಹಾಗೆ), ಪಕ್ಕದ ಸೌತ್ ಕೆರೊಲಿನಾದ ಭಾಗಗಳು ಎಲ್ಲ ಸೇರಿದ ಮಹಾನಗರ ಪ್ರದೇಶದ ಲೆಕ್ಕ. 2020ರ ಜನಗಣತಿಯಲ್ಲಿ ನಗರದ ಸಂಖ್ಯೆ 8,74,579. 2010ರಲ್ಲಿ 7,31,424 ಇತ್ತು. ಹತ್ತು ವರ್ಷದಲ್ಲಿ ಸುಮಾರು ಒಂದು ಲಕ್ಷದ ನಲವತ್ಮೂರು ಸಾವಿರ ಜನ ಜಾಸ್ತಿಯಾದರು ಎಂದರೆ ಸಾಕು, ಬೆಳವಣಿಗೆ ಓದುಗರಿಗೆ ತಿಳಿಯುತ್ತದೆ. ಇನ್ನು ‘ವಿಶ್ವದರ್ಜೆಯ’, ‘ಕಂಗೊಳಿಸುವ’, ‘ತಲೆಯೆತ್ತಲಿರುವ’ ಎನ್ನುವುದನ್ನೆಲ್ಲ ತೆಗೆಯಿರಿ. ಪ್ಯಾರಾಕ್ಕೊಂದು ಸಲ ಬೆಂಗಳೂರಿನ ಹೋಲಿಕೆ ಬರುತ್ತದೆ, ಅದೂ ಬೇಡ. ಬೆಂಗಳೂರಿನವರು ಅದನ್ನು ತಾವೇ ಹೋಲಿಸಿಕೊಂಡು ಓದುತ್ತಾರೆ.

ಈಗ ಆರನೇ ಪುಟ. ನೀವು ಬರೆದದ್ದು ಹೀಗಿದೆ:

‘ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಮಾರ್ಷಲ್ ಪಾರ್ಕಿಗೆ ಹೋಗುತ್ತೇನೆ. ಒಂದು ದಿನ ಬೆಂಚಿನ ಆ ತುದಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಕೈ ತೋರಿಸಿ, ಅಲ್ಲಿ ನಮ್ಮ ಚರ್ಚ್ ಇತ್ತು ಎಂದರು. ನಾನು ತಲೆಯಾಡಿಸಿ ಆಫೀಸಿಗೆ ಹೊರಟೆ.’

ಅದರ ಕೆಳಗೇ ಈ ವಾಕ್ಯ: ‘ದಶಕಗಳಿಂದ ಖಾಲಿ ಬಿದ್ದಿದ್ದ 17 ಎಕರೆಯಲ್ಲಿ ಬ್ರೂಕ್ಲಿನ್ ವಿಲೇಜ್ ತಲೆಯೆತ್ತಲಿದೆ.’

ಆ ಹೆಂಗಸು ಹೇಳಿದ್ದಕ್ಕೂ ನಿಮ್ಮ ಮುಂದಿನ ವಾಕ್ಯಕ್ಕೂ ನೇರ ಸಂಬಂಧ ಇದೆ. ನೀವು ಅದನ್ನು ಗಮನಿಸಿಲ್ಲ. ಆ ಜಾಗ ಖಾಲಿ ಬಿದ್ದಿರಲಿಲ್ಲ, ಅದನ್ನು ಖಾಲಿ ಮಾಡಿಸಿದ್ದರು. ಬ್ರೂಕ್ಲಿನ್ ಎನ್ನುವುದು ಯಾವುದೋ ಬಿಲ್ಡರ್ ಇಟ್ಟ ಚೆಂದದ ಹೆಸರಲ್ಲ. ಸೆಕೆಂಡ್ ವಾರ್ಡ್ ಎಂಬ ಭಾಗದಲ್ಲಿ ಕಪ್ಪು ಜನರ ದೊಡ್ಡ ಬಡಾವಣೆಯೊಂದು ನಿಜವಾಗಿ ಇತ್ತು, ಅದರ ಹೆಸರು ಬ್ರೂಕ್ಲಿನ್. ಬೇರೆ ಕಡೆ ಅವರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅಂಗಡಿ, ಚರ್ಚು, ಡಾಕ್ಟರ ಶಾಪು, ವಕೀಲರ ಆಫೀಸು ಎಲ್ಲ ಅಲ್ಲೇ ಇದ್ದವು. ಬ್ರೆವಾರ್ಡ್ ಬೀದಿಯಲ್ಲಿ 1905ರಲ್ಲಿ ಅವರಿಗಾಗಿ ಗ್ರಂಥಾಲಯ ತೆರೆದಿತ್ತು. ಮೈಯರ್ಸ್ ಸ್ಟ್ರೀಟ್ ಶಾಲೆಗೆ ಹೊರಗಡೆಯಿಂದ ಮರದ ಮೆಟ್ಟಿಲುಗಳಿದ್ದವು. ಹಾಗಾಗಿ ಜನ ಅದನ್ನು ಬೈಬಲ್ಲಿನ ಕಥೆ ನೆನೆದು ‘ಜೇಕಬ್ಸ್ ಲ್ಯಾಡರ್’ (ಯಾಕೋಬನ ಏಣಿ) ಎಂದು ಕರೆಯುತ್ತಿದ್ದರು. 1923ರಲ್ಲಿ ಸೆಕೆಂಡ್ ವಾರ್ಡ್ ಹೈಸ್ಕೂಲು ಬಂತು.

ಎಲ್ಲ ಚೆನ್ನಾಗಿತ್ತು ಎಂದು ಮಾತ್ರ ಬರೆಯಬೇಡಿ. ತಗ್ಗಿನಲ್ಲಿ, ತೊರೆಯ ಪಕ್ಕದಲ್ಲಿ ಸಾಲು ಸಾಲು ಬಾಡಿಗೆ ಮನೆಗಳಿದ್ದವು, ಅವುಗಳ ಸ್ಥಿತಿ ಕೆಟ್ಟದಾಗಿತ್ತು. ಬಾಡಿಗೆ ಎಣಿಸಿಕೊಳ್ಳುವವರು ರಿಪೇರಿ ಮಾಡಿಸುತ್ತಿರಲಿಲ್ಲ. ಅದನ್ನೇ ಮುಂದಿಟ್ಟುಕೊಂಡು ನಗರದವರು ಇಡೀ ಪ್ರದೇಶವನ್ನು ಕೊಳೆಗೇರಿ ಎಂದು ಘೋಷಿಸಿದರು. ನಗರ ನವೀಕರಣ ಎಂಬ ಯೋಜನೆಯಲ್ಲಿ ಖರ್ಚಿನ ಮೂರರಲ್ಲಿ ಎರಡು ಪಾಲನ್ನು ಕೇಂದ್ರ ಸರ್ಕಾರ ಕೊಡುತ್ತಿತ್ತು. 1960ರ ದಶಕದಲ್ಲಿ ಹಂತ ಹಂತವಾಗಿ ಕೆಡವುತ್ತಾ ಹೋದರು. ಸಾವಿರಕ್ಕೂ ಹೆಚ್ಚು ಕುಟುಂಬಗಳು, ಇನ್ನೂರಕ್ಕೂ ಹೆಚ್ಚು ಅಂಗಡಿ ವ್ಯಾಪಾರಗಳು, ಜೊತೆಗೆ ಚರ್ಚುಗಳು ಎದ್ದು ಹೋಗಬೇಕಾಯಿತು. ಕೆಡವಿದ ಜಾಗದಲ್ಲಿ ಅವರಿಗಾಗಿ ಮನೆ ಕಟ್ಟಲಿಲ್ಲ. ಸರ್ಕಾರಿ ಕಚೇರಿಗಳು ಬಂದವು, ಹೆದ್ದಾರಿ ಬಂತು, ನೀವು ಡಬ್ಬಿ ಬಿಚ್ಚುವ ಪಾರ್ಕು ಬಂತು. ಹೈಸ್ಕೂಲನ್ನು 1969ರಲ್ಲಿ ಮುಚ್ಚಿದರು. ಈಗ ಅದೇ ನೆಲದ ಒಂದು ಭಾಗಕ್ಕೆ ಅದೇ ಬಡಾವಣೆಯ ಹೆಸರಿಟ್ಟು ಹೊಸ ಯೋಜನೆ. ಅದು ಕೂಡ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಲೇ ಬಂದಿದೆ.

ಇಷ್ಟು ತಿಳಿದ ಮೇಲೆ ‘ನಮ್ಮ ಚರ್ಚ್ ಇತ್ತು’ ಎನ್ನುವ ಮಾತನ್ನು ಮತ್ತೆ ಓದಿ. ಬರೆಯಬೇಕಾದ್ದು ಅದು. ಇಂಥ ಜಾಗದ ಬಗ್ಗೆ ಬರೆಯುವಾಗ ಮುಂದೆ ಏನು ಬರುತ್ತದೆ ಎಂದಷ್ಟೇ ಹೇಳಿದರೆ, ಆ ಹೆಂಗಸು ಅಲ್ಲಿ ಬದುಕಿಯೇ ಇರಲಿಲ್ಲ ಎಂದು ಹೇಳಿದ ಹಾಗಾಗುತ್ತದೆ. ನಿಮಗೆ ಅಂಥ ಉದ್ದೇಶ ಖಂಡಿತ ಇರಲಿಲ್ಲ. ಆದರೆ ಓದಿದವರಿಗೆ ಉಳಿಯುವುದು ಅದೇ.

ಎರಡನೆಯ ಮಾತು: ನಿಮ್ಮ ಲೇಖನದಲ್ಲಿ ಎಲ್ಲವೂ ತಾನಾಗಿಯೇ ಆಗುತ್ತದೆ. ರೈಲು ‘ಬಂತು’, ಕಟ್ಟಡ ‘ಎದ್ದಿತು’, ಊರು ‘ಹಬ್ಬಿತು’. ಯಾರೋ ಅರ್ಜಿ ಹಾಕಿರುತ್ತಾರೆ, ಯಾರೋ ಕೈ ಎತ್ತಿರುತ್ತಾರೆ, ಯಾರೋ ಬೇಡ ಎಂದಿರುತ್ತಾರೆ ಅಲ್ವಾ? ರೈಲನ್ನೇ ತೆಗೆದುಕೊಳ್ಳಿ. 1998ರಲ್ಲಿ ಅಲ್ಲಿನ ಮತದಾರರು ಸಾರಿಗೆಗಾಗಿ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ ಕೊಡಲು ಒಪ್ಪಿದರು. 2007ರ ನವೆಂಬರಿನಲ್ಲಿ ಆ ತೆರಿಗೆಯನ್ನು ರದ್ದು ಮಾಡಬೇಕೇ ಎಂದು ಮತ್ತೆ ಮತಕ್ಕೆ ಹಾಕಿದರು. ನೂರಕ್ಕೆ ಸುಮಾರು ಎಪ್ಪತ್ತು ಜನ ತೆರಿಗೆ ಇರಲಿ ಎಂದರು. ಅದೇ ತಿಂಗಳ ಕೊನೆಯಲ್ಲಿ ಬ್ಲೂ ಲೈನ್ ಎಂಬ ಲೈಟ್ ರೈಲು ಓಡಿತು. 2025ರ ನವೆಂಬರಿನಲ್ಲಿ ಇನ್ನೂ ಒಂದು ಸೆಂಟ್ ತೆರಿಗೆಗೆ ಜನ ಒಪ್ಪಿದರು, ಆದರೆ ಈ ಸಲ ಗೆಲುವಿನ ಅಂತರ ಸಣ್ಣದು. ಆ ಯೋಜನೆಯಲ್ಲಿ ಆಗ್ನೇಯದ ಮ್ಯಾಥ್ಯೂಸ್ ಪಟ್ಟಣಕ್ಕೆ ರೈಲಿನ ಬದಲು ಬಸ್ಸು ಎಂದಾಗ ಅಲ್ಲಿಯವರು ಮುನಿಸಿಕೊಂಡರು. ಇದನ್ನೆಲ್ಲ ಬಿಟ್ಟು ನೀವು ಬರೆದಿರುವುದು ಬೋಗಿಗಳು ಎಷ್ಟು ಸ್ವಚ್ಛ ಎಂದು! ತೆರಿಗೆ ಕೊಡುವ ಜನ ಎರಡು ಸಲ, ಮೂರು ಸಲ ಕೂತು ಯೋಚಿಸಿ ಮತ ಹಾಕಿದ್ದರಲ್ಲಿ ಆ ಊರಿನ ಸ್ವಭಾವ ಕಾಣುತ್ತದೆ.

ನಿಮ್ಮ ಬಡಾವಣೆಯ ತಿರುವಿನಲ್ಲಿ ರೀಝೋನಿಂಗ್ ಬೋರ್ಡು, ಅಂದರೆ ಆ ಜಾಗದಲ್ಲಿ ಏನು ಕಟ್ಟಬಹುದು ಎನ್ನುವ ನಿಯಮ ಬದಲಿಸಲು ಅರ್ಜಿ ಬಂದಿದೆ ಎಂಬ ಸೂಚನೆ, ನೆಟ್ಟಿದ್ದಾರೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಆ ಬೋರ್ಡಿನಲ್ಲಿ ಅರ್ಜಿಯ ನಂಬರು ಇರುತ್ತದೆ. ಆ ನಂಬರು ಹಿಡಿದು ಹುಡುಕಿದರೆ ಯಾರು ಏನು ಕಟ್ಟಬೇಕೆಂದಿದ್ದಾರೆ, ಈಗ ಏನಿದೆ, ಅಧಿಕಾರಿಗಳ ಅಭಿಪ್ರಾಯ ಏನು ಎಲ್ಲ ಸಿಗುತ್ತದೆ. ಅಕ್ಕಪಕ್ಕದವರ ಜೊತೆ ಅರ್ಜಿದಾರರು ಸಭೆ ನಡೆಸುತ್ತಾರೆ, ಆಮೇಲೆ ಸಿಟಿ ಕೌನ್ಸಿಲ್ ಮುಂದೆ ಸಾರ್ವಜನಿಕ ವಿಚಾರಣೆ, ಆಮೇಲೆ ಮತ. ಹಿಂದೆಲ್ಲ ಪಕ್ಕದ ಜಮೀನಿನವರು ಸಾಕಷ್ಟು ಮಂದಿ ಲಿಖಿತವಾಗಿ ಆಕ್ಷೇಪಿಸಿದರೆ ಕೌನ್ಸಿಲಿನಲ್ಲಿ ಮುಕ್ಕಾಲು ಪಾಲು ಮತ ಬೇಕಾಗುತ್ತಿತ್ತು. 2015ರಲ್ಲಿ ರಾಜ್ಯದ ಶಾಸನಸಭೆ ಆ ಅವಕಾಶವನ್ನು ತೆಗೆದುಹಾಕಿತು. 2021ರಲ್ಲಿ ಕೌನ್ಸಿಲ್, ಊರು ಮುಂದೆ ಹೇಗೆ ಬೆಳೆಯಬೇಕು ಎಂದು ಹೇಳುವ ‘2040 ಯೋಜನೆ’ಯನ್ನು 6-5 ಮತಗಳಿಂದ ಒಪ್ಪಿತು. ಅಂದರೆ ಒಬ್ಬರ ಮತದ ಅಂತರ. ಒಂದೇ ಮನೆಗೆ ಮೀಸಲಾಗಿದ್ದ ನಿವೇಶನದಲ್ಲಿ ಎರಡು, ಮೂರು ಮನೆ ಕಟ್ಟಬಹುದು ಎನ್ನುವ ವಿಚಾರದ ಮೇಲೆ ದೊಡ್ಡ ಜಗಳವೇ ಆಗಿತ್ತು. ಅದಕ್ಕೆ ತಕ್ಕ ನಿಯಮಗಳು 2023ರ ಜೂನ್‌ನಲ್ಲಿ ಜಾರಿಗೆ ಬಂದವು. ನಿಮ್ಮ ಪಕ್ಕದ ಬೀದಿಯ ಹಳೇ ಮನೆ ಕೆಡವಿ ಮೂರು ಮನೆ ಎದ್ದಿದೆ ಎಂದಿರಲ್ಲ, ಅದರ ಬೇರು ಇಲ್ಲಿರಬಹುದು. ಹೋಗಿ ಕೇಳಿ, ದಾಖಲೆ ನೋಡಿ, ಖಚಿತವಾದ ಮೇಲೆ ಬರೆಯಿರಿ.

ಈಗ ಊರಿನ ಗುರುತಿನ ವಿಷಯ. ‘ಚಾರ್ಲಟ್‌ನ ಗುರುತು ಅದರ ಕಟ್ಟಡಗಳ ಸಾಲು’ ಎಂದು ಶುರುವಿನಲ್ಲೇ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಾನೊಬ್ಬನೇ ಅಲ್ಲ, ಆ ಊರಿನ ಪತ್ರಿಕೆಯೇ ಒಂದು ಕಾಲದಲ್ಲಿ ಇದನ್ನು ಒಪ್ಪಿರಲಿಲ್ಲ. ಚಾರ್ಲಟ್‌ನ ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಕಲಿಯಬೇಕು ಎಂದು ಜೂಲಿಯಸ್ ಚೇಂಬರ್ಸ್ ಎಂಬ ವಕೀಲರು ಹೋರಾಡಿದರು. 1965ರಲ್ಲಿ ಅವರ ಮನೆಗೆ ಬಾಂಬ್ ಹಾಕಿದ್ದರು. 1971ರಲ್ಲಿ ಸುಪ್ರೀಂ ಕೋರ್ಟ್, ಅವರು ನಡೆಸಿದ ಸ್ವಾನ್ ಮೊಕದ್ದಮೆಯಲ್ಲಿ, ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸಿಯಾದರೂ ಒಟ್ಟು ಸೇರಿಸುವುದು ಸರಿ ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಇಷ್ಟವಿಲ್ಲದೆ ಶುರುಮಾಡಿದ ಊರು ಕ್ರಮೇಣ ಅದನ್ನು ತನ್ನದಾಗಿ ಮಾಡಿಕೊಂಡಿತು. 1984ರ ಅಕ್ಟೋಬರಿನಲ್ಲಿ ಅಧ್ಯಕ್ಷ ರೇಗನ್ ಚುನಾವಣಾ ಪ್ರಚಾರಕ್ಕೆ ಬಂದು ಈ ಬಸ್ ವ್ಯವಸ್ಥೆಯನ್ನು ಟೀಕಿಸಿದರು. ಅವರದೇ ಬೆಂಬಲಿಗರ ಸಭೆ. ಆದರೂ ಚಪ್ಪಾಳೆ ಬೀಳಲಿಲ್ಲ. ಮರುದಿನ ‘ಚಾರ್ಲಟ್ ಅಬ್ಸರ್ವರ್’ ಸಂಪಾದಕೀಯ ಬರೆದು, ಅಧ್ಯಕ್ಷರೇ, ನಿಮ್ಮ ಮಾತು ತಪ್ಪು ಎಂದಿತು. ನಮ್ಮ ದೊಡ್ಡ ಹೆಮ್ಮೆ ಹೊಸ ಕಟ್ಟಡಗಳಲ್ಲ, ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ನಮ್ಮ ಶಾಲೆಗಳು ಎನ್ನುವುದು ಅದರ ವಾದ.

ಆ ಹೆಮ್ಮೆ ಉಳಿಯಲಿಲ್ಲ. ಹೊಸಬರು ಬಂದು ನೆಲೆಸಿದರು, ಹೊಸ ಮೊಕದ್ದಮೆ ಬಂತು, 2000ದ ಆಚೀಚೆ ಕೋರ್ಟಿನ ಹಳೇ ಆದೇಶ ಕೊನೆಯಾಯಿತು. ಶಾಲೆಗಳು ಮತ್ತೆ ಬಡಾವಣೆಯ ಪ್ರಕಾರ ಬೇರೆಬೇರೆಯಾದವು. 2014ರಲ್ಲಿ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ ಬಂತು. ಬಡ ಮನೆಯಲ್ಲಿ ಹುಟ್ಟಿದ ಮಗು ಮೇಲೇರುವ ಅವಕಾಶದಲ್ಲಿ ಅಮೆರಿಕದ 50 ದೊಡ್ಡ ನಗರ ಪ್ರದೇಶಗಳ ಪೈಕಿ ಚಾರ್ಲಟ್‌ನದು ಕೊನೇ ಸ್ಥಾನ. ಇಷ್ಟು ಬ್ಯಾಂಕುಗಳಿರುವ ಊರಲ್ಲಿ! ಹತ್ತು ವರ್ಷದ ನಂತರದ ಲೆಕ್ಕದಲ್ಲಿ ಸ್ಥಿತಿ ಸುಧಾರಿಸಿದೆ, ಅದನ್ನೂ ಬರೆಯಿರಿ. ಆದರೆ ಬೆಳೆಯುವ ಊರಿನಲ್ಲಿ ಯಾರು ಬೆಳೆದರು ಎನ್ನುವ ಪ್ರಶ್ನೆಯನ್ನು ಬಿಟ್ಟು ಚಾರ್ಲಟ್ ಬಗ್ಗೆ ಬರೆಯಲು ಬರುವುದಿಲ್ಲ.

ಕೊನೆಯ ಭಾಗ, ನಮ್ಮವರ ಬಗ್ಗೆ. ಹಬ್ಬಗಳ ಪಟ್ಟಿ ಕೊಟ್ಟಿದ್ದೀರಿ, ಒಬ್ಬಟ್ಟು ಎಷ್ಟು ಖರ್ಚಾಯಿತು ಎಂದೂ ಹೇಳಿದ್ದೀರಿ. ನೀವು ಆ ಊರಿಗೆ ನೆಂಟರಲ್ಲ. ನೀವೇ ಬರೆದಂತೆ 2023ರಲ್ಲಿ ಆಸ್ತಿ ತೆರಿಗೆಗಾಗಿ ಮನೆಗಳ ಬೆಲೆ ಮತ್ತೆ ಕಟ್ಟಿದಾಗ ಕೌಂಟಿಯಿಂದ ನಿಮಗೂ ಪತ್ರ ಬಂತು, ಮನೆಯ ಬೆಲೆ ಒಮ್ಮೆಲೇ ಏರಿತ್ತು, ಖುಷಿಯಾಯಿತು. ಅಂಥದೇ ಪತ್ರ ಬೀಟೀಸ್ ಫೋರ್ಡ್ ರಸ್ತೆಯ ಹಳೇ ಮನೆಗಳಿಗೂ ಹೋಗಿರುತ್ತದೆ. ಬ್ರೂಕ್ಲಿನ್ ಬಿಟ್ಟು ಎದ್ದುಹೋದವರಲ್ಲಿ ಎಷ್ಟೋ ಜನ ಸೇರಿದ್ದು ಆ ಕಡೆಗೇ. ಪಿಂಚಣಿಯಲ್ಲಿ ಬದುಕುವವರಿಗೆ ಮನೆ ಬೆಲೆ ಏರುವುದು ಎಂದರೆ ತೆರಿಗೆ ಏರುವ ಭಯ. ನಿಮ್ಮ ಪತ್ರವನ್ನೂ ಅವರ ಪತ್ರವನ್ನೂ ಅಕ್ಕಪಕ್ಕ ಇಟ್ಟು ಬರೆದರೆ ಕನ್ನಡಿಗರೊಬ್ಬರು ಚಾರ್ಲಟ್ ಬಗ್ಗೆ ಬರೆದ ಲೇಖನ ಅದಾಗುತ್ತದೆ. ನಿಮ್ಮನ್ನು ನೀವು ದೂಷಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನೀವೂ ಆ ಲೆಕ್ಕದಲ್ಲಿ ಇದ್ದೀರಿ ಎನ್ನುವುದು ಬರಹದಲ್ಲಿ ಕಾಣಲಿ.

ಹಾಗಾದರೆ ಏನು ಮಾಡಬೇಕು? ಈ ಲೇಖನವನ್ನು ತಿದ್ದಲು ಹೋಗಬೇಡಿ, ಬದಿಗಿಡಿ. ಆ ಪಾರ್ಕಿನ ಸುತ್ತಲಿನ ನೆಲವೊಂದನ್ನೇ ಇಟ್ಟುಕೊಂಡು ಹೊಸದಾಗಿ ಬರೆಯಿರಿ. ದಕ್ಷಿಣ ಬ್ರೆವಾರ್ಡ್ ಬೀದಿಗೆ ಹೋಗಿ. ನೀವು ಹೊಗಳಿದ ನ್ಯಾಸ್ಕಾರ್ ಮ್ಯೂಸಿಯಮ್ಮಿನಿಂದ ನಡೆದು ಹೋಗುವ ದೂರದಲ್ಲೇ ಕಪ್ಪು ಜನರ ಪಂಥಕ್ಕೆ ಸೇರಿದ ಗ್ರೇಸ್ ಎ.ಎಂ.ಇ. ಝಯಾನ್ ಚರ್ಚಿನ ಇಟ್ಟಿಗೆ ಕಟ್ಟಡ ಇದೆ. ಪಕ್ಕದಲ್ಲೇ 1922ರ ಮೆಕ್ಲೆನ್‌ಬರ್ಗ್ ಇನ್ವೆಸ್ಟ್‌ಮೆಂಟ್ ಕಂಪನಿಯ ಕಟ್ಟಡ. ಎರಡನ್ನೂ ಕಟ್ಟಿದವರು ಡಬ್ಲ್ಯೂ. ಡಬ್ಲ್ಯೂ. ಸ್ಮಿತ್ ಎಂಬ ಕಪ್ಪು ಜನಾಂಗದ ವಾಸ್ತುಶಿಲ್ಪಿ. ಬ್ರೂಕ್ಲಿನ್‌ನಲ್ಲಿ ಉಳಿದುಕೊಂಡ ಕೆಲವೇ ಕಟ್ಟಡಗಳಲ್ಲಿ ಇವೆರಡು ಸೇರಿವೆ. ಸಾರ್ವಜನಿಕ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗದಲ್ಲಿ ಹಳೇ ಸಿಟಿ ಡೈರೆಕ್ಟರಿಗಳನ್ನು ಕೇಳಿ. ಅವುಗಳಲ್ಲಿ ಬೀದಿ ಬೀದಿಯಾಗಿ, ಮನೆ ನಂಬರಿನ ಎದುರು ಹೆಸರು ಇರುತ್ತದೆ. ಹೆಸರು ಹಿಡಿದು ನೋಡಿದರೆ ಕಸುಬೂ ಸಿಗುತ್ತದೆ. ಒಂದು ಬೀದಿಯ ಒಂದು ವರ್ಷದ ಪಟ್ಟಿ ಸಾಕು. ಸೆಕೆಂಡ್ ವಾರ್ಡ್ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಸ್ಥೆ ಇದೆ, ಅಲ್ಲಿಯೂ ವಿಚಾರಿಸಿ.

ಆ ಹೆಂಗಸು ಮತ್ತೆ ಸಿಕ್ಕರೆ ಯಾವ ಚರ್ಚ್ ಎಂದು ಕೇಳಿ. ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ, ಅವರ ಬಾಯಲ್ಲಿ ನೀವು ಮಾತು ತುಂಬಬೇಡಿ. ಸಾವಿರದ ಇನ್ನೂರು ಪದ ಸಾಕು, ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿ. ಫೋಟೋ ಕಳಿಸುವುದಾದರೆ ಕಂಪನಿಯವರ ಮಾದರಿ ಚಿತ್ರ ಬೇಡ, ನೀವೇ ತೆಗೆದದ್ದು ಇರಲಿ. ಅನುಮಾನ ಇದ್ದರೆ ಬರೆಯುವ ಮೊದಲೇ ನನಗೊಂದು ಮೇಲ್ ಹಾಕಿ.

ವಿಶ್ವಾಸದಿಂದ,
ಸಂಪಾದಕ