ಗೆಳೆಯನ ಜೊತೆ ಚರ್ಚಿಸಿ ಅಸೈನ್‌ಮೆಂಟ್ ಬರೆದರೆ ಅದು ನಕಲೇ?

ಹಾಸ್ಟೆಲಿನಲ್ಲಿ ಗೆಳೆಯನೊಡನೆ ಚರ್ಚಿಸಿ ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಮಾಹಿತಿಯ ಪಟ್ಟಿ) ಪ್ರೋಗ್ರಾಮ್ ಬರೆದಿರಿ, ಇಬ್ಬರಿಗೂ ಸೊನ್ನೆ ಬಂತು, ಚರ್ಚಿಸುವುದೂ ತಪ್ಪೇ ಎಂದು ಕೇಳಿದ್ದೀರಿ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹಲವು ವರ್ಷ ಪ್ರೋಗ್ರಾಮಿಂಗ್ ಕಲಿಸಿದವನಾಗಿ ಹೇಳುವುದಾದರೆ, ಚರ್ಚೆ ತಪ್ಪಲ್ಲ; ಆದರೆ ಆ ಚರ್ಚೆ ಎಲ್ಲಿಗೆ ನಿಂತಿತು ಎಂಬುದನ್ನು ನೀವು ತಿಳಿಸಿಲ್ಲ.

ಪ್ರಶ್ನೆ ಏನು ಕೇಳುತ್ತಿದೆ, ನಡುವಿನ ನೋಡ್ (ಪಟ್ಟಿಯ ಒಂದು ಘಟಕ) ತೆಗೆದರೆ ಯಾವ ಪಾಯಿಂಟರ್ (ಮುಂದಿನ ಘಟಕವನ್ನು ತೋರಿಸುವ ಕೊಂಡಿ) ಎಲ್ಲಿಗೆ ಹೊರಳಬೇಕು ಎಂದು ಕಾಗದದ ಮೇಲೆ ಚಿತ್ರ ಬಿಡಿಸಿ ವಾದಿಸುವುದು ಕಲಿಕೆಯೇ. ಒಬ್ಬರು ಟೈಪ್ ಮಾಡಿದ ಫೈಲ್ ಇನ್ನೊಬ್ಬರ ವಾಟ್ಸಾಪ್‌ಗೆ ಹೋಗಿ, ಅದನ್ನೇ ತಿದ್ದಿ ಒಪ್ಪಿಸಿದರೆ, ಹೆಸರುಗಳನ್ನು ಎಷ್ಟೇ ಬದಲಿಸಿದರೂ ಅದು ನಕಲು. ಒಮ್ಮೆ ನನಗೆ ಬಂದ ಎರಡು ಪ್ರೋಗ್ರಾಮ್‌ಗಳಲ್ಲಿ ವೇರಿಯೇಬಲ್‌ಗಳ ಹೆಸರು ಬೇರೆಬೇರೆಯಾಗಿದ್ದವು, ಆದರೆ ಪಟ್ಟಿ ಖಾಲಿಯಿದೆ ಎಂದು ತಿಳಿಸುವ ಸಾಲಿನಲ್ಲಿ ‘ಎಂಪ್ಟಿ’ ಪದದ ‘ಪಿ’ ಅಕ್ಷರ ಎರಡರಲ್ಲೂ ಬಿಟ್ಟುಹೋಗಿತ್ತು. ಆ ಸಾಲಿನ ಮೇಲಿನ ಷರತ್ತು ಏಕೆ ಬೇಕು ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದಾಗ ಒಬ್ಬ ವಿವರಿಸಿದ, ಇನ್ನೊಬ್ಬ ಅವನ ಮುಖ ನೋಡಿದ. ಕೊಟ್ಟವನಿಗೂ ಸೊನ್ನೆ ಹಾಕಿ ಎರಡು ದಿನ ಒದ್ದಾಡಿದ್ದೇನೆ. ಈಗಲೂ ಅದು ಸರಿಯೆಂದೇ ನನ್ನ ಅಭಿಪ್ರಾಯ. (ಲ್ಯಾಬ್ ರೆಕಾರ್ಡನ್ನು ತರಗತಿಯಿಡೀ ಒಂದೇ ಪ್ರತಿಯಿಂದ ಇಳಿಸಿಕೊಳ್ಳುವುದನ್ನು ಕಂಡೂ ಸಹಿ ಹಾಕುವ ನಾವು ಈ ವಿಷಯದಲ್ಲಿ ಪೂರ್ಣ ನಿರ್ದೋಷಿಗಳಲ್ಲ.)

ಶೇಕಡಾ 10ರವರೆಗಿನ ಹೋಲಿಕೆಗೆ ವಿನಾಯಿತಿ ಇದೆ ಎಂದು ಸೀನಿಯರ್‌ಗಳು ಹೇಳಿದ್ದನ್ನು ನೀವು ಉಲ್ಲೇಖಿಸಿದ್ದೀರಿ. ಅದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಕೃತಿಚೌರ್ಯ ತಡೆ ನಿಯಮಾವಳಿಯ ಮಾತು. ಸಂಶೋಧನಾ ಪ್ರಬಂಧಗಳಂಥ ಬರಹಗಳಿಗೆ ಸಂಬಂಧಿಸಿದ ಆ ನಿಯಮಾವಳಿ ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ನಿಮಗೆ ಅನ್ವಯಿಸುವುದು ನಿಮ್ಮ ಕಾಲೇಜಿನ ಮತ್ತು ಆ ಅಧ್ಯಾಪಕರ ನಿಯಮ.

ನೀವಿಬ್ಬರೂ ನಿಜಕ್ಕೂ ಬೇರೆಬೇರೆಯಾಗಿ ಬರೆದಿದ್ದರೆ, ಒಟ್ಟಿಗೆ ಚರ್ಚಿಸಿದ್ದನ್ನು ಮುಚ್ಚಿಡದೆ ಹೇಳಿ, ಪ್ರತ್ಯೇಕವಾಗಿ ವೈವಾ ತೆಗೆದುಕೊಳ್ಳುವಂತೆ ಅಧ್ಯಾಪಕರನ್ನು ಲಿಖಿತವಾಗಿ ಕೇಳಿಕೊಳ್ಳಿ. ಹಳೆಯ ಕರಡುಗಳಿದ್ದರೆ ಜೊತೆಗೆ ಒಯ್ಯಿರಿ. ಮುಂದಿನ ಸಲ ಚರ್ಚೆ ಮುಗಿದ ಮೇಲೆ ಆ ಕಾಗದವನ್ನು ಹರಿದುಹಾಕಿ, ಫೋಟೋ ಕೂಡ ತೆಗೆಯದೆ, ಒಂದು ಗಂಟೆಯ ನಂತರ ಒಬ್ಬರೇ ಕೂತು ಬರೆಯಿರಿ, ಮತ್ತು ಪ್ರೋಗ್ರಾಮಿನ ಮೊದಲ ಸಾಲಿನ ಕಾಮೆಂಟಿನಲ್ಲಿ ಯಾರೊಡನೆ ಏನು ಚರ್ಚಿಸಿದಿರಿ ಎಂದು ನಮೂದಿಸಿ.