ಶೆರಿಫ್ ಅಭ್ಯರ್ಥಿ ವೋಟು ಕೇಳಲು ಬಂದರೆ ಏನು ಕೇಳಬೇಕು?

ಪ್ರಶ್ನೆ: ಊರು ಶಿವಮೊಗ್ಗ, ಈಗ ಇರುವುದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ. ಇತ್ತೀಚೆಗೆ ಅಮೆರಿಕದ ಪೌರತ್ವ ಸಿಕ್ಕಿತು. ನಮ್ಮ ದೀಪಾವಳಿ ಕಾರ್ಯಕ್ರಮಕ್ಕೆ ಒಬ್ಬರು ಬಂದಿದ್ದರು. 2028ರಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಸ್ಥಾನಕ್ಕೆ ನಿಲ್ಲುತ್ತೇನೆ, ಮನೆಗಳ್ಳತನ ನಿಲ್ಲಿಸುತ್ತೇನೆ ಅಂದರು. ಪೊಲೀಸರಿಗೂ ಚುನಾವಣೆಯಾ? ಇಂಥವರನ್ನು ನಾವು ಅಳೆಯುವುದು ಹೇಗೆ?

ಉತ್ತರ: ಹೌದು, ಚುನಾವಣೆಯೇ. ನಮ್ಮಲ್ಲಿ ಜಿಲ್ಲೆಯ ಎಸ್‌ಪಿಯನ್ನು ಸರ್ಕಾರ ನೇಮಿಸುತ್ತದೆ, ಸರ್ಕಾರವೇ ವರ್ಗ ಮಾಡುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ರನ್ನು ಜನರೇ ಆರಿಸುತ್ತಾರೆ. ಅಲಾಸ್ಕಾ, ಹವಾಯಿ, ಕನೆಕ್ಟಿಕಟ್, ರೋಡ್ ಐಲೆಂಡ್‌ಗಳಲ್ಲಿ ಮಾತ್ರ ಈ ಪದ್ಧತಿ ಇಲ್ಲ. ಸ್ಯಾನ್ ಹೋಸೆಯಂಥ ನಗರದ ಪೊಲೀಸ್ ಮುಖ್ಯಸ್ಥರ ಕಥೆ ಬೇರೆ. ಅವರನ್ನು ನೇಮಿಸುವುದು ನಗರಾಡಳಿತ.

ಕ್ಯುಪರ್ಟಿನೊಗೆ ಸ್ವಂತ ಪೊಲೀಸ್ ಇಲ್ಲ. ಸಾರಾಟೋಗಾ, ಲಾಸ್ ಆಲ್ಟೋಸ್ ಹಿಲ್ಸ್‌ಗೂ ಇಲ್ಲ. ಈ ಮೂರೂ ಊರುಗಳು ಶೆರಿಫ್ ಕಚೇರಿಗೆ ದುಡ್ಡು ಕೊಟ್ಟು ಗಸ್ತು ಮಾಡಿಸಿಕೊಳ್ಳುತ್ತವೆ. ಹಾಗಾಗಿ ಕಳ್ಳತನದ ಮಾತು ನಿಮಗೆ ನೇರ ಸಂಬಂಧಪಟ್ಟದ್ದೇ. ಎಷ್ಟು ಡೆಪ್ಯುಟಿಗಳು (ಶೆರಿಫ್ ಕೈಕೆಳಗಿನ ಪೊಲೀಸರು) ರಾತ್ರಿ ಗಸ್ತಿನಲ್ಲಿರುತ್ತಾರೆ, ಕರೆ ಮಾಡಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಖಂಡಿತ ಕೇಳಿ.

ಆದರೆ ನಾನು ಮೊದಲು ಕೇಳುವ ಪ್ರಶ್ನೆ ಜೈಲಿನದು. ಕರ್ನಾಟಕದಲ್ಲಿ ಕಾರಾಗೃಹ ಇಲಾಖೆಯೇ ಬೇರೆ, ಅದು ಎಸ್‌ಪಿ ಕೈಯಲ್ಲಿಲ್ಲ. ಅದಕ್ಕೇ ನಮ್ಮವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಅಲ್ಲಿ ಕೌಂಟಿ ಜೈಲು ಶೆರಿಫ್‌ರ ಜವಾಬ್ದಾರಿ. ನಿಮ್ಮ ಕೌಂಟಿಯಲ್ಲಿ ಅಂಥವು ಎರಡಿವೆ: ಸ್ಯಾನ್ ಹೋಸೆಯ ಮೇನ್ ಜೈಲ್, ಮಿಲ್ಪಿಟಾಸ್‌ನ ಎಲ್ಮ್‌ವುಡ್. ಕೌಂಟಿ ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣೆಗೆ ಕಾಯುತ್ತಿರುವವರು, ಅಪರಾಧ ಇನ್ನೂ ಸಾಬೀತಾಗದವರು. ಮಾನಸಿಕ ಕಾಯಿಲೆ ಇರುವವರೂ ಅವರಲ್ಲಿ ಬಹಳ. 2015ರಲ್ಲಿ ಮೇನ್ ಜೈಲಿನಲ್ಲಿ ಅಂಥ ಒಬ್ಬ ಕೈದಿ ಏಟು ತಿಂದು ಸತ್ತ. ಕಾವಲಿಗಿದ್ದ ಮೂವರು ಡೆಪ್ಯುಟಿಗಳ ಮೇಲೆ ಕೊಲೆ ಮೊಕದ್ದಮೆ ನಡೆಯಿತು. ಕೌಂಟಿ ಅವನ ಕುಟುಂಬಕ್ಕೆ 36 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಆ ದುಡ್ಡು ನಿಮ್ಮಂಥವರ ತೆರಿಗೆಯದೇ. ದುಡ್ಡಿನ ಮಾತು ಬಿಡಿ, ಸರ್ಕಾರದ ವಶದಲ್ಲಿದ್ದ ರೋಗಿಯೊಬ್ಬ ಹಾಗೆ ಸಾಯಬಾರದಿತ್ತು. ಆದ್ದರಿಂದ ಅಭ್ಯರ್ಥಿಯನ್ನು ಬಿಡದೆ ಕೇಳಿ: ಜೈಲಿನಲ್ಲಿ ರಾತ್ರಿ ವೈದ್ಯರು ಇರುತ್ತಾರಾ? ಕ್ಯಾಮೆರಾ ಎಲ್ಲೆಲ್ಲಿ ಹಾಕಿಸುತ್ತೀರಿ? ಹೊರಗಿನ ಮೇಲ್ವಿಚಾರಕರು ದಾಖಲೆ ಕೇಳಿದರೆ ಕೊಡುತ್ತೀರಾ? ಈ ಪ್ರಶ್ನೆಗಳಿಗೆ ತಡವರಿಸುವವರು ಉಳಿದದ್ದರಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ ನನಗೆ ನಂಬಿಕೆ ಬರುವುದಿಲ್ಲ.

ಇನ್ನೊಂದು, ಬಂದೂಕಿನ ಪರವಾನಗಿ. ಬಟ್ಟೆಯೊಳಗೆ ಬಂದೂಕು ಇಟ್ಟುಕೊಂಡು ಓಡಾಡಲು ಅನುಮತಿ ಕೊಡುವ ಅಧಿಕಾರ ಶೆರಿಫ್‌ಗೆ ಇದೆ. ನಿಮ್ಮ ಕೌಂಟಿಯಲ್ಲಿ ದೊಡ್ಡ ಗಲಾಟೆಯಾದದ್ದು ಇದರಿಂದಲೇ. ಲಾರಿ ಸ್ಮಿತ್ 1998ರಲ್ಲಿ ನಿಮ್ಮ ಕೌಂಟಿಯ ಶೆರಿಫ್ ಚುನಾವಣೆ ಗೆದ್ದವರು. ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ಗೆದ್ದು ಶೆರಿಫ್ ಆದ ಮೊದಲ ಮಹಿಳೆ ಅವರು. ಚುನಾವಣೆಗೆ ದೇಣಿಗೆ ಕೊಟ್ಟವರಿಗೆ ಪರವಾನಗಿಯಲ್ಲಿ ಒಲವು ತೋರಿಸಿದರು ಎಂಬ ಆರೋಪ ವಿಚಾರಣೆಗೆ ಬಂತು. 2022ರ ಅಕ್ಟೋಬರ್ 31ರಂದು ಅವರು ರಾಜೀನಾಮೆ ಕೊಟ್ಟರು. ಅದಾಗಿ ಕೆಲವೇ ದಿನಗಳಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಇಷ್ಟೆಲ್ಲ ಆಗಿರುವಾಗ ಅಭ್ಯರ್ಥಿಗೆ ದುಡ್ಡು ಕೊಟ್ಟವರು ಯಾರು ಅಂತ ನೋಡದೆ ವೋಟು ಹಾಕುವುದು ಸರಿಯಲ್ಲ, ಅಲ್ವಾ? ದೇಣಿಗೆಯ ಲೆಕ್ಕವನ್ನು ಅವರು ಫಾರ್ಮ್ 460ರಲ್ಲಿ ಸಲ್ಲಿಸಲೇಬೇಕು, ಯಾರು ಬೇಕಾದರೂ ನೋಡಬಹುದು. ಡೆಪ್ಯುಟಿಗಳ ಸಂಘ ಎಷ್ಟು ಕೊಟ್ಟಿದೆ ಎಂಬುದನ್ನೂ ಗಮನಿಸಿ. ನಾಳೆ ಅದೇ ಡೆಪ್ಯುಟಿಗಳ ಮೇಲೆ ಶಿಸ್ತುಕ್ರಮ ಕೈಗೊಳ್ಳಬೇಕಾದವರು ಈ ಅಭ್ಯರ್ಥಿಯೇ.

ಅರ್ಹತೆಯ ಚಿಂತೆ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಕೆಲಸದ ಅನುಭವ ಅಥವಾ ಅದಕ್ಕೆ ಸಂಬಂಧಿಸಿದ ಉನ್ನತ ಪ್ರಮಾಣಪತ್ರ ಇಲ್ಲದವರು ನಿಲ್ಲುವಂತಿಲ್ಲ. ಪಕ್ಷದ ಚಿಹ್ನೆಯೂ ಇರುವುದಿಲ್ಲ. ಪ್ರೈಮರಿಯಲ್ಲಿ, ಅಂದರೆ ಮೊದಲ ಸುತ್ತಿನ ಮತದಾನದಲ್ಲಿ, ಒಬ್ಬರಿಗೆ ಅರ್ಧಕ್ಕಿಂತ ಜಾಸ್ತಿ ವೋಟು ಬಿದ್ದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಮೊದಲಿಬ್ಬರು ನವೆಂಬರ್‌ಗೆ ಹೋಗುತ್ತಾರೆ. ಹಾಗಾಗಿ ಪ್ರೈಮರಿಯನ್ನು ತಪ್ಪಿಸಬೇಡಿ.

ಪ್ರಶ್ನೆ: ನಾನು ಹಾಸನದ ನಿವೃತ್ತ ಪೊಲೀಸ್ ಅಧಿಕಾರಿ. ಮಗಳು ಸ್ಯಾನ್ ಮಟೇಯೊದಲ್ಲಿದ್ದಾಳೆ. ಗೆದ್ದ ಶೆರಿಫ್‌ಗೆ ಮೇಲಧಿಕಾರಿ ಯಾರು? ದಾರಿ ತಪ್ಪಿದರೆ ತೆಗೆಯುವವರು ಯಾರು?

ಉತ್ತರ: ಸರ್, ನೀವು ಮರ್ಮಕ್ಕೇ ಕೈಹಾಕಿದ್ದೀರಿ. ದಿನನಿತ್ಯದ ಅರ್ಥದಲ್ಲಿ ಮೇಲಧಿಕಾರಿ ಯಾರೂ ಇಲ್ಲ. ಬಜೆಟ್ ಕೊಡುವುದು ಕೌಂಟಿಯ ಜನ ಆರಿಸಿದ ಮೇಲ್ವಿಚಾರಕರ ಮಂಡಳಿ. ರಾಜ್ಯದ ಅಟಾರ್ನಿ ಜನರಲ್‌ಗೆ ಕ್ಯಾಲಿಫೋರ್ನಿಯಾ ಸಂವಿಧಾನದ ಪ್ರಕಾರ ಶೆರಿಫ್‌ಗಳ ಮೇಲೆ ನಿಗಾ ಇಡುವ ಅಧಿಕಾರವಿದೆ. ಆದರೆ ಬೆಳಗ್ಗೆ ಫೋನ್ ಮಾಡಿ ವಿವರಣೆ ಕೇಳುವ ಐಜಿಪಿಯಂಥವರು ಅಲ್ಲಿಲ್ಲ.

ಇದರಿಂದ ಒಂದು ಲಾಭವಿದೆ. ನಿಮ್ಮ ಸೇವಾವಧಿಯಲ್ಲಿ ವರ್ಗಾವಣೆಯ ಬೆದರಿಕೆ ಎಂಥದ್ದು ಅಂತ ನೀವು ನೋಡಿರುತ್ತೀರಿ. ಶೆರಿಫ್‌ಗೆ ಆ ಭಯವಿಲ್ಲ. ಅಪಾಯವೂ ಅಲ್ಲೇ ಇದೆ. ಅರಿಜೋನಾದ ಮಾರಿಕೋಪಾ ಕೌಂಟಿಯಲ್ಲಿ ಜೋ ಆರ್ಪಾಯೊ 24 ವರ್ಷ ಶೆರಿಫ್ ಆಗಿದ್ದರು. ಬಿಸಿಲಿನಲ್ಲಿ ಗುಡಾರಗಳ ಜೈಲು ನಡೆಸಿದರು. ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಜನರನ್ನು ಗುರಿ ಮಾಡಿ ದಾರಿಯಲ್ಲಿ ತಡೆಯಬೇಡಿ ಎಂಬ ಕೋರ್ಟ್ ಆದೇಶವನ್ನೂ ಪಾಲಿಸಲಿಲ್ಲ. 2016ರಲ್ಲಿ ಜನ ಸೋಲಿಸಿದರು. ಮರುವರ್ಷ ನ್ಯಾಯಾಂಗ ನಿಂದನೆಯ ಅಪರಾಧ ಸಾಬೀತಾಯಿತು, ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ಜನ ಎಚ್ಚೆತ್ತುಕೊಳ್ಳಲು ಅಷ್ಟು ವರ್ಷ ಬೇಕಾಯಿತು ಅನ್ನುವುದು ನನಗೆ ಇಂದಿಗೂ ಬೇಸರದ ವಿಷಯ.

ಅವಧಿಗೆ ಮೊದಲೇ ತೆಗೆಯಲು ಜನರೇ ಸಹಿ ಸಂಗ್ರಹಿಸಿ, ತೆಗೆಯಬೇಕೇ ಬೇಡವೇ ಎಂದು ಮತದಾನ ಮಾಡಿಸಬಹುದು. ಅದು ಕಷ್ಟದ ದಾರಿ. ಲಾಸ್ ಏಂಜಲೀಸ್ ಕೌಂಟಿಯ ಮತದಾರರು 2022ರಲ್ಲಿ ಇನ್ನೊಂದು ದಾರಿ ಮಾಡಿಕೊಂಡರು: ಐವರ ಮಂಡಳಿಯಲ್ಲಿ ನಾಲ್ವರು ಒಪ್ಪಿದರೆ, ತಕ್ಕ ಕಾರಣವಿದ್ದಾಗ, ಶೆರಿಫ್‌ರನ್ನು ತೆಗೆಯಬಹುದು. ನಿಮ್ಮ ಮಗಳ ಕೌಂಟಿಯಲ್ಲೂ 2025ರ ಮಾರ್ಚ್‌ನಲ್ಲಿ ಮತದಾರರು ಮಂಡಳಿಗೆ ಅಂಥದ್ದೇ ಅಧಿಕಾರ ಕೊಟ್ಟರು. ಅದೇ ಅಕ್ಟೋಬರ್‌ನಲ್ಲಿ ಮಂಡಳಿ ಶೆರಿಫ್ ಕ್ರಿಸ್ಟಿನಾ ಕೋರ್ಪಸ್ ಅವರನ್ನು ತೆಗೆದುಹಾಕಿತು. ತಮ್ಮ ಮೇಲಿನ ಆರೋಪಗಳನ್ನು ಅವರು ಒಪ್ಪಿರಲಿಲ್ಲ. ಈ ಅಧಿಕಾರ ಮಂಡಳಿಯ ಕೈಯಲ್ಲಿ ಹಗೆಯ ಆಯುಧವಾಗಬಾರದು, ನಿಜ. ಆದರೂ ಇಂಥ ದಾರಿಯೊಂದು ಇರಲೇಬೇಕು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಸ್ನೇಹಿತರು ಶೆರಿಫ್ ಅಭ್ಯರ್ಥಿಯೊಬ್ಬರಿಗೆ 100 ಡಾಲರ್ ಕೊಡೋಣ ಅನ್ನುತ್ತಿದ್ದಾರೆ. ಕೊಡಬಹುದಾ?

ಉತ್ತರ: ಬೇಡ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಯಾವ ಚುನಾವಣೆಗೂ ದೇಣಿಗೆ ಕೊಡಬಾರದು ಎಂಬುದು ಅಮೆರಿಕದ ಕೇಂದ್ರ ಕಾನೂನು. ಇದು ಕೌಂಟಿ ಚುನಾವಣೆಗೂ ಅನ್ವಯಿಸುತ್ತದೆ. ಸ್ನೇಹಿತರ ಹೆಸರಿನಲ್ಲಿ ಕೊಡುವುದು ಇನ್ನೂ ದೊಡ್ಡ ತಪ್ಪು. ಗ್ರೀನ್ ಕಾರ್ಡ್ ಇರುವವರು ಕೊಡಬಹುದು, ಆದರೆ ಅವರಿಗೂ ಶೆರಿಫ್ ಚುನಾವಣೆಯಲ್ಲಿ ವೋಟಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಸುಮ್ನೆ ಎಲ್ಲದಕ್ಕೂ ಹೌದು ಅಂತ ಒತ್ತಬೇಡಿ. ಮುಂದೆ ಪೌರತ್ವದ ಅರ್ಜಿಗೆ ಅದು ದೊಡ್ಡ ತೊಡಕಾಗುತ್ತದೆ. ಅಭ್ಯರ್ಥಿಯ ಸಭೆಗೆ ಹೋಗಿ ಜೈಲಿನ ಬಗ್ಗೆ ಪ್ರಶ್ನೆ ಕೇಳಲು ಮಾತ್ರ ಯಾವ ವೀಸಾದವರಿಗೂ ಅಡ್ಡಿಯಿಲ್ಲ.